ಗಾಳಿ ಇರುವ ಎತ್ತರಕ್ಕೆ ಹೋಗಲು ಬಿಡಿ

ಹೊಳಲ್ಕೆರೆ ತಾಲ್ಲೂಕಿನ ಹಳ್ಳಿಯೊಂದರಿಂದ ನಿವೃತ್ತ ಶಿಕ್ಷಕಿಯೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಮುಖ್ಯ ಭಾಗ ಇದು:

"ಮಾನ್ಯ ಸಂಪಾದಕರೇ, ನಮ್ಮ ಪಕ್ಕದ ಮನೆಯ ಹುಡುಗ ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದಿದ್ದಾನೆ. ಆರ್‌ಸಿಸಿ ಮನೆಯ ಮೇಲೆ ಗಾಳಿಯಿಂದ ಕರೆಂಟ್ ಮಾಡುವ ಫ್ಯಾನು ಕೂರಿಸುತ್ತೇನೆ ಎನ್ನುತ್ತಾನೆ. ರಾತ್ರಿಯೆಲ್ಲ ಸದ್ದಾಗುವುದಿಲ್ಲವೇ? ರೆಕ್ಕೆ ಮುರಿದು ನಮ್ಮ ಅಂಗಳಕ್ಕೆ ಬಿದ್ದರೆ? ಊರಿನ ಅಂದವೂ ಕೆಡುತ್ತದೆ. ಊರ ಹೊರಗೆ ನಿಮ್ಮದೇ ಹಳೇ ಕಣ ಇದೆಯಲ್ಲಪ್ಪಾ, ಅಲ್ಲಿ ಹಾಕಿಕೋ ಎಂದರೆ, ಅಲ್ಲಿಂದ ವೈರ್ ಎಳೆಯೋ ಖರ್ಚು ಯಾರು ಕೊಡ್ತಾರೆ ಟೀಚರ್ ಎನ್ನುತ್ತಾನೆ. ಹೋದ ವರ್ಷ ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋಗಿದ್ದೆ. ಅಲ್ಲಿ ಇದಕ್ಕೆಲ್ಲ ಅಳತೆ ಇದೆಯಂತೆ, 11.1 ಮೀಟರ್‌ಗಿಂತ ಮೇಲೆ ಹೋಗುವಂತಿಲ್ಲವಂತೆ. ಎಷ್ಟು ಚೊಕ್ಕ! ಅಂಥ ಕಾನೂನು ನಮ್ಮಲ್ಲಿ ಬರುವವರೆಗೂ ಪಂಚಾಯಿತಿಯವರು ಯಾರಿಗೂ ಅನುಮತಿ ಕೊಡಬಾರದು ಎಂದು ನೀವು ಬರೆಯಬೇಕು."

ಅಮ್ಮಾ, ನಿಮ್ಮ ನಿದ್ದೆಯ ಮಾತನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಪಕ್ಕದ ಮನೆಯ ಯಂತ್ರಕ್ಕಾಗಿ ಯಾರೂ ನಿದ್ದೆಗೆಡಬೇಕಾಗಿಲ್ಲ. ನಮ್ಮ ದೇಶದ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಾಸದ ಪ್ರದೇಶದಲ್ಲಿ ರಾತ್ರಿ 45 ಡೆಸಿಬೆಲ್, ಹಗಲು 55 ಡೆಸಿಬೆಲ್ ಮಿತಿ. ಅದು ಗಾಳಿಯಂತ್ರಕ್ಕೂ ಅನ್ವಯಿಸುತ್ತದೆ. ಸದ್ದು ಆ ಮಿತಿಯನ್ನು 10 ಡೆಸಿಬೆಲ್ ಅಥವಾ ಅದಕ್ಕಿಂತ ಹೆಚ್ಚು ಮೀರಿದರೆ ದೂರು ಕೊಡುವ ಹಕ್ಕು ನಿಮಗೆ ಇವತ್ತೇ ಇದೆ, ಹೊಸ ಕಾನೂನಿಗೆ ಕಾಯಬೇಕಿಲ್ಲ.

ಇನ್ನು ಇಂಗ್ಲೆಂಡಿನ ಆ ಚೊಕ್ಕ ಅಳತೆ. ಅದು ಜಾರಿಗೆ ಬಂದದ್ದು 2011ರ ಡಿಸೆಂಬರಿನಲ್ಲಿ. ಕೆಲವು ಷರತ್ತು ಪಾಲಿಸಿದರೆ ಮನೆಯವರು ಯೋಜನಾ ಅನುಮತಿಗೆ ಅರ್ಜಿಯನ್ನೇ ಹಾಕದೆ ಒಂದು ಚಿಕ್ಕ ಗಾಳಿಯಂತ್ರ ನಿಲ್ಲಿಸಬಹುದು ಎಂದಿತು ಆ ನಿಯಮ. ನೆಲದ ಮೇಲೆ ಕಂಬ ನೆಟ್ಟರೆ ರೆಕ್ಕೆಯ ತುದಿ 11.1 ಮೀಟರ್, ಅಂದರೆ ಸುಮಾರು ಮೂವತ್ತಾರು ಅಡಿ, ದಾಟಬಾರದು. ಚಾವಣಿಯ ಮೇಲಾದರೆ ಮನೆ ಬಿಡಿಮನೆಯಾಗಿರಬೇಕು, ಯಂತ್ರ ಚಾವಣಿಯಿಂದ 3 ಮೀಟರ್‌ಗಿಂತ ಮೇಲೇಳಬಾರದು. ರೆಕ್ಕೆ ಸುತ್ತುವ ವೃತ್ತದ ಹರವು 3.8 ಚದರ ಮೀಟರ್, ಅಂದರೆ ವ್ಯಾಸ ಏಳಡಿಗೆ ಸ್ವಲ್ಪ ಹೆಚ್ಚು. ಪಕ್ಕದ ಮನೆಯ ಕಿಟಕಿಯಿಂದ ಒಂದು ಮೀಟರ್ ಹೊರಗೆ ಸದ್ದು 42 ಡೆಸಿಬೆಲ್ ಮೀರಬಾರದು. ಬೇಲಿಯಿಂದ ಕಂಬಕ್ಕೆ ಇರಬೇಕಾದ ದೂರ ಎಂದರೆ ಯಂತ್ರದ ಪೂರ್ತಿ ಎತ್ತರ, ಅದರ ಮೇಲೆ ಇನ್ನೂ ಹತ್ತನೇ ಒಂದು ಪಾಲು. ಬಿದ್ದರೂ ತನ್ನ ಜಮೀನಿನಲ್ಲೇ ಬೀಳಲಿ ಎಂದು. ಈ ಕೊನೆಯ ಷರತ್ತಿಗೆ ನಾನು ಕೈ ಮುಗಿಯುತ್ತೇನೆ. ನಿಮ್ಮ ಅಂಗಳದ ಭಯಕ್ಕೆ ಉತ್ತರ ಅದರಲ್ಲೇ ಇದೆ.

ಆದರೆ ಎತ್ತರದ ಷರತ್ತು ನೋಡಿದರೆ ಹೊಟ್ಟೆ ಉರಿಯುತ್ತದೆ. ಬಾವಿ ತೋಡಲು ಅನುಮತಿ ಇದೆ, ಆದರೆ ಮೂವತ್ತಾರು ಅಡಿ ದಾಟಬೇಡ ಎಂದಂತೆ. ನೀರು ಅರವತ್ತಡಿಯಲ್ಲಿದ್ದರೆ ಆ ಅನುಮತಿಯನ್ನು ಇಟ್ಟುಕೊಂಡು ರೈತ ಏನು ಮಾಡಬೇಕು?

ಇದನ್ನು ನನಗೆ ಹೇಳಿಕೊಟ್ಟದ್ದು ಪುಸ್ತಕವಲ್ಲ, ನಮ್ಮಜ್ಜ. ಸಂಕ್ರಾಂತಿ ಕಳೆದು ರಾಗಿ ಒಕ್ಕಣೆ ಮುಗಿದ ಮೇಲೆ ಸಂಜೆ ನಾಲ್ಕರ ಹೊತ್ತಿಗೆ ಕಣದಲ್ಲಿ ಗಾಳಿ ಏಳುತ್ತಿತ್ತು. ಅಜ್ಜ ಸೊಂಟದೆತ್ತರದ ಮುಕ್ಕಾಲಿ ಹತ್ತಿ ನಿಲ್ಲುತ್ತಿದ್ದರು. ಕೆಳಗಿನಿಂದ ಅಜ್ಜಿ ಮೊರ ತುಂಬಿ ಕೊಡುವುದು, ಅಜ್ಜ ಅದನ್ನು ತಲೆಗಿಂತ ಮೇಲೆತ್ತಿ ನಿಧಾನಕ್ಕೆ ಅಲುಗಿಸುವುದು. ಕಾಳು ನೆಟ್ಟಗೆ ಕಾಲ ಬುಡಕ್ಕೆ ಬೀಳುತ್ತಿತ್ತು, ಹೊಟ್ಟು ಹತ್ತು ಮಾರು ಆಚೆಗೆ ಹಾರುತ್ತಿತ್ತು. ನಾನೂ ತೂರುತ್ತೇನೆಂದು ಒಮ್ಮೆ ನೆಲದ ಮೇಲೇ ನಿಂತು ಮೊರ ಎತ್ತಿದೆ. ಹೊಟ್ಟೂ ಕಾಳೂ ಒಟ್ಟಿಗೇ ನನ್ನ ಪಾದದ ಮೇಲೆ ಸುರಿಯಿತು. ಅಜ್ಜ ಮೇಲಿನಿಂದಲೇ ಹೇಳಿದರು, "ಗಾಳಿ ನೆಲದ ಮೇಲೆ ನಡೆಯಲ್ಲ ಮಗಾ, ತಲೆ ಮೇಲೆ ಹೋಗುತ್ತೆ. ಹತ್ತು ಇಲ್ಲಿ." ಮೂರಡಿಯ ಮುಕ್ಕಾಲಿಗೆ ಅಷ್ಟು ವ್ಯತ್ಯಾಸ.

ಅಜ್ಜನ ಮಾತಿನ ಲೆಕ್ಕ ಹೀಗಿದೆ. ಗಾಳಿಯ ವೇಗ ಇಮ್ಮಡಿಯಾದರೆ ಅದರಲ್ಲಿರುವ ಶಕ್ತಿ ಎಂಟು ಪಟ್ಟಾಗುತ್ತದೆ. 3.8 ಚದರ ಮೀಟರಿನ ಅದೇ ರೆಕ್ಕೆಯ ಮೂಲಕ ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಹಾಯುವ ಗಾಳಿಯಲ್ಲಿರುವುದು ಸುಮಾರು 150 ವ್ಯಾಟ್. ವೇಗ 8 ಮೀಟರ್ ಆದರೆ ಸುಮಾರು 1,200 ವ್ಯಾಟ್. ಅದರಲ್ಲಿ ಒಳ್ಳೆಯ ಯಂತ್ರಕ್ಕೆ ದಕ್ಕುವುದೂ ಮೂರನೇ ಒಂದು ಪಾಲಿನ ಆಸುಪಾಸು. ಬಟಾಬಯಲಿನಲ್ಲೇ ಕಂಬದ ಎತ್ತರ ಇಮ್ಮಡಿ ಮಾಡಿದರೆ ಶಕ್ತಿ ಮೂರನೇ ಒಂದರಷ್ಟು ಹೆಚ್ಚುತ್ತದೆ. ಮನೆ, ತೆಂಗಿನ ಮರ, ಓವರ್‌ಹೆಡ್ ಟ್ಯಾಂಕುಗಳ ನಡುವೆಯಂತೂ ಎತ್ತರದ ಲಾಭ ಇನ್ನೂ ದೊಡ್ಡದು. ಅಲ್ಲಿ ಕೆಳಗಿನ ಗಾಳಿ ಬರೀ ನಿಧಾನವಲ್ಲ, ಸುಳಿಸುಳಿಯಾಗಿ ತಿರುಗಿ ರೆಕ್ಕೆಯನ್ನು ದಿಕ್ಕು ತಪ್ಪಿಸುತ್ತದೆ, ಯಂತ್ರವನ್ನು ಸವೆಸುತ್ತದೆ, ಸದ್ದನ್ನೂ ಹೆಚ್ಚಿಸುತ್ತದೆ. ಈ ಕಸುಬಿನವರು ಹೇಳುವ ಸೂತ್ರ ಒಂದಿದೆ: ಸುತ್ತ 500 ಅಡಿಯೊಳಗಿನ ಅತಿ ಎತ್ತರದ ಮರ, ಮನೆಗಿಂತ ರೆಕ್ಕೆಯ ಕೆಳತುದಿ 30 ಅಡಿ ಮೇಲಿರಬೇಕು.

ತಗ್ಗಿನಲ್ಲಿ ಕೂರಿಸಿದರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನದೇ ಸಾಕ್ಷಿ ಇದೆ. ವಾರ್ವಿಕ್ ಪರೀಕ್ಷೆ ಎಂದು ಹೆಸರಾದ ಅಧ್ಯಯನದಲ್ಲಿ ಕಟ್ಟಡಗಳ ಮೇಲಿನ 26 ಗಾಳಿಯಂತ್ರಗಳನ್ನು ಅಳೆದರು, 2009ರಲ್ಲಿ ವರದಿ ಬಂತು. ನಿಲ್ಲಿಸಿಟ್ಟ ದಿನಗಳನ್ನೂ ಸೇರಿಸಿ ಸರಾಸರಿ ತೆಗೆದರೆ ಒಂದೊಂದು ಯಂತ್ರ ದಿನಕ್ಕೆ ಕೊಟ್ಟದ್ದು 214 ವ್ಯಾಟ್-ಅವರ್, ಅಂದರೆ ಕಾಲು ಯೂನಿಟ್ಟೂ ಇಲ್ಲ. 9 ವ್ಯಾಟಿನ ಒಂದೇ ಒಂದು ಎಲ್‌ಇಡಿ ಬಲ್ಬು ಹಗಲೂ ರಾತ್ರಿ ಉರಿಯುವಷ್ಟು. ಅದೇ ವರದಿಯ ಇನ್ನೊಂದು ಸಂಗತಿ ನನ್ನನ್ನು ಇವತ್ತಿಗೂ ಕಾಡುತ್ತದೆ. ಬಹುಮಹಡಿ ಕಟ್ಟಡಗಳ ನೆತ್ತಿಯ ಮೇಲಿದ್ದ ಯಂತ್ರಗಳು, ಉಳಿದವು ವರ್ಷಕ್ಕೆ ಕೊಟ್ಟದ್ದನ್ನು ಒಂದೇ ತಿಂಗಳಲ್ಲಿ ಕೊಡಬಲ್ಲವಾಗಿದ್ದವು. ಅವನ್ನೇ ಪರೀಕ್ಷೆಯ ಬಹುಪಾಲು ಕಾಲ ನಿಲ್ಲಿಸಿಡಬೇಕಾಯಿತು, ಕೆಳಗಿನ ಮನೆಗಳವರಿಗೆ ಸದ್ದಾಗುತ್ತದೆಂದು. ದೂರು ಕೊಟ್ಟವರು ನಿಮ್ಮಂಥವರೇ, ಅವರದ್ದು ತಪ್ಪೆನ್ನಲಾರೆ. ತಪ್ಪು ಜಾಗದ್ದು. ಗಾಳಿ ಇದ್ದಲ್ಲಿ ಜನ ಮಲಗಿದ್ದರು, ಜನ ಇಲ್ಲದ ಎತ್ತರಕ್ಕೆ ಯಂತ್ರ ಹೋಗಿರಲಿಲ್ಲ.

ಆದ್ದರಿಂದ ಆ ಹುಡುಗನಿಗೂ ಒಂದು ಮಾತು ಹೇಳಿ, ನನ್ನ ಹೆಸರಿನಲ್ಲೇ ಹೇಳಿ. ಚಾವಣಿ ಬೇಡ. ದುಡ್ಡೂ ಹೋಗುತ್ತದೆ, ಗೋಡೆಯೂ ಅದುರುತ್ತದೆ.

ಹಾಗೆಂದು ಅವನಿಗೆ ಅನುಮತಿಯೇ ಬೇಡ ಎನ್ನುತ್ತೀರಲ್ಲ, ಅದನ್ನು ನಾನು ಬರೆಯಲಾರೆ. ಊರಿನ ಅಂದ ಎಂದಿದ್ದೀರಿ. ನಿಮ್ಮ ಊರಿನ ನಡುವೆ ಮೊಬೈಲ್ ಟವರ್ ಇಲ್ಲವೇ? ಮದುವೆ ಮನೆಯ ಡೀಸೆಲ್ ಜನರೇಟರು ರಾತ್ರಿ ಎಷ್ಟು ಹೊತ್ತಿನವರೆಗೆ ಗುಡುಗುತ್ತದೆ? ಅವಕ್ಕೆ ಹೊಂದಿಕೊಂಡ ನಮ್ಮ ಕಣ್ಣು ಕಿವಿಗೆ ಪಕ್ಕದ ಮನೆಯ ಹುಡುಗನ ಫ್ಯಾನು ಮಾತ್ರ ಏಕೆ ಚುಚ್ಚಬೇಕು? ನಲವತ್ತು ಮಕ್ಕಳಿಗೆ ಒಂದೇ ಕೋಣೆಯಲ್ಲಿ ಪಾಠ ಮಾಡಿದವರು ನೀವು. ಏನಾದರೂ ಕಟ್ಟಲು ಹೊರಟ ಹುಡುಗನನ್ನು ಬೆಂಚಿನ ಮೇಲೆ ನಿಲ್ಲಿಸಿದವರಲ್ಲ ಎಂದೇ ನನ್ನ ನಂಬಿಕೆ.

ಡೆನ್ಮಾರ್ಕಿನ ಕ್ರಿಶ್ಚಿಯನ್ ರಿಸಾಗರ್ ಎಂಬ ಬಡಗಿ 1970ರ ದಶಕದಲ್ಲಿ ತನ್ನ ಮನೆಯ ಹಿತ್ತಲಲ್ಲಿ ಮರದ ರೆಕ್ಕೆಯ ಗಾಳಿಯಂತ್ರ ಕಟ್ಟಿ ವಿದ್ಯುತ್ ತೆಗೆದ. ಆಮೇಲೆ ಅಂಥವನ್ನೇ ಮಾಡಿ ಮಾರಿದ. ಅಂಥ ಬಡಗಿ, ಕಮ್ಮಾರರ ಕೊಟ್ಟಿಗೆಗಳಿಂದಲೇ ಆ ದೇಶದ ಗಾಳಿಯಂತ್ರದ ಉದ್ಯಮ ಬೆಳೆದದ್ದು. ಅಲ್ಲಿ ಮನೆಬಳಕೆಯ ಯಂತ್ರವೆಂದರೆ 25 ಮೀಟರ್‌ವರೆಗಿನದು. ಇಂಗ್ಲೆಂಡಿನ ಅಳತೆಯ ಎರಡು ಪಟ್ಟಿಗೂ ಹೆಚ್ಚು.

ನಮ್ಮಲ್ಲೇನು ತಲೆ ಇರಲಿಲ್ಲವೇ? 1960ರ ದಶಕದಲ್ಲೇ ಬೆಂಗಳೂರಿನ ನ್ಯಾಷನಲ್ ಏರೋನಾಟಿಕಲ್ ಲ್ಯಾಬೊರೇಟರಿ ನೀರೆತ್ತುವ ಗಾಳಿಯಂತ್ರ ರೂಪಿಸಿತ್ತು. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಜ್ಞಾನಿ ಎ.ಕೆ.ಎನ್. ರೆಡ್ಡಿಯವರು ವಿಜ್ಞಾನ, ತಂತ್ರಜ್ಞಾನವನ್ನು ಹಳ್ಳಿಗೆ ಒಯ್ಯುವ 'ಅಸ್ತ್ರ' ಎಂಬ ಕೇಂದ್ರ ಆರಂಭಿಸಿದರು, ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮ ಅದರ ಕರ್ಮಭೂಮಿಯಾಯಿತು. ಹಾಯಿಬಟ್ಟೆ ಕಟ್ಟಿದ, ಕಡಿಮೆ ಖರ್ಚಿನ, ನೀರೆತ್ತುವ ಗಾಳಿಯಂತ್ರವನ್ನು ಆ ದಶಕದಲ್ಲಿ ಅದೇ ಸಂಸ್ಥೆಯ ವಿಜ್ಞಾನಿಗಳು ಮಾಡಿ ತೋರಿಸಿದ್ದರು. ಹಳ್ಳಿಯವನ ಕೈಗೆಟುಕಬೇಕು ಎಂಬ ಹಂಬಲ ಆಗ ದೊಡ್ಡ ದೊಡ್ಡ ವಿಜ್ಞಾನಿಗಳಲ್ಲಿತ್ತು.

ಇವತ್ತು ನಿಮ್ಮ ಜಿಲ್ಲೆಯ ಗುಡ್ಡಗಳನ್ನೇ ನೋಡಿ. ಸಾಲು ಸಾಲು ದೈತ್ಯ ಫ್ಯಾನುಗಳು. ಅವಕ್ಕೆ ಗುಡ್ಡ ಕಡಿದು ರಸ್ತೆಯಾಯಿತು, ಲೈನ್ ಬಂತು, ಸಬ್‌ಸ್ಟೇಷನ್ ಬಂತು. ಬೇಡವೆನ್ನುವುದಿಲ್ಲ, ಆ ಕರೆಂಟೂ ನಮಗೆ ಬೇಕು. ಮನೆ ಚಾವಣಿಯ ಸೋಲಾರಿಗೆ 2024ರಿಂದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 78,000 ರೂಪಾಯಿವರೆಗೆ ಸಹಾಯಧನವಿದೆ, ಅದೂ ಒಳ್ಳೆಯದೇ. ಆದರೆ ಆಷಾಢದಲ್ಲಿ ಮೋಡ ಮುಚ್ಚಿ ಸೋಲಾರ್ ಮಂಕಾದಾಗ ಇದೇ ನಿಮ್ಮ ಬಯಲಿನಲ್ಲಿ ಹೆಂಚು ಹಾರುವ ಗಾಳಿ ಬೀಸುತ್ತದೆ. ಆ ಗಾಳಿಯನ್ನು ಒಬ್ಬ ಮನೆಯವನು ಹಿಡಿಯುತ್ತೇನೆಂದರೆ ಅವನಿಗೆ ಯಾರು ದಿಕ್ಕು?

ನನಗಾದದ್ದನ್ನೇ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ತೋಟದ ಮನೆಗೆ ಅರವತ್ತಡಿ ಕಂಬದ ಮೇಲೆ ಚಿಕ್ಕದೊಂದು ಯಂತ್ರ ಹಾಕಬೇಕೆಂದು ಅರ್ಜಿ ಹಿಡಿದು ಒಂದು ಕಚೇರಿಗೆ ಹೋದೆ. ಅಲ್ಲಿನ ಗುಮಾಸ್ತರು ಒಳ್ಳೆಯ ಮನುಷ್ಯ. ಫಾರಂ ಮೇಲಿಂದ ಕೆಳಗೆ ಬೆರಳಾಡಿಸಿದರು. ವಾಸದ ಮನೆ, ದನದ ಕೊಟ್ಟಿಗೆ, ಅಂಗಡಿ, ಟವರ್, ಇತರೆ. "ಸಾರ್, ಇದು ಯಾವುದಕ್ಕೆ ಬರುತ್ತೆ?" ಎಂದು ನನ್ನನ್ನೇ ಕೇಳಿದರು. ಇತರೆ ಎಂದು ಬರೆಸಿದೆ. ಅರ್ಜಿ ಮೂರು ಮೇಜು ತಿರುಗಿ ನಾಲ್ಕನೆಯದರಲ್ಲಿ ನಿಂತಿತು. ಯಾರೂ ಬೇಡ ಎನ್ನಲಿಲ್ಲ, ಯಾರೂ ಸರಿ ಎಂದು ರುಜು ಹಾಕಲಿಲ್ಲ. ಎರಡು ಆಷಾಢ ಕಾದು ನಾನೇ ಕೈಬಿಟ್ಟೆ. ಆ ಎರಡು ವರ್ಷ ನಮ್ಮ ತೋಟದ ಮೇಲೆ ಬೀಸಿ ಹೋದ ಗಾಳಿಯನ್ನು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ.

ಇಂಗ್ಲೆಂಡಿನಲ್ಲೂ ಇದೇ ಕಥೆ, ದೊಡ್ಡ ಪ್ರಮಾಣದಲ್ಲಿ. ಸ್ಥಳೀಯರ ಆಕ್ಷೇಪಗಳಿಗೆ ಪೂರ್ತಿ ಪರಿಹಾರ ಸಿಗದೆ ಒಳನಾಡಿನ ಗಾಳಿಯಂತ್ರಗಳಿಗೆ (ಸಮುದ್ರದವಕ್ಕಲ್ಲ) ಯೋಜನಾ ಅನುಮತಿ ಕೊಡಬಾರದು ಎಂದು 2015ರ ಜೂನ್‌ನಲ್ಲಿ ಅಲ್ಲಿನ ಸರ್ಕಾರ ನಿಯಮ ಬಿಗಿ ಮಾಡಿತು. ಬೆರಳೆಣಿಕೆಯ ಆಕ್ಷೇಪಗಳೇ ಒಂದೊಂದು ಯೋಜನೆಯನ್ನು ನಿಲ್ಲಿಸಬಲ್ಲವಾದವು. ಆ ಬಿಗಿ ನಿಯಮವನ್ನು ಪೂರ್ತಿ ತೆಗೆದದ್ದು 2024ರ ಜುಲೈನಲ್ಲಿ. ಒಂಬತ್ತು ವರ್ಷ ಹೋಯಿತು. "ಬರುವವರೆಗೂ ಯಾರಿಗೂ ಕೊಡಬಾರದು" ಎಂದು ನೀವು ಬರೆದ ಸಾಲು ಓದಿದಾಗ ನನಗೆ ನೆನಪಾದದ್ದು ಆ ಒಂಬತ್ತು ವರ್ಷ.

ಈಗ ನಿಮ್ಮ ಪತ್ರದ ಅತ್ಯುತ್ತಮ ಸಾಲಿಗೆ ಬರುತ್ತೇನೆ. ನೀವು ಅದನ್ನು ಮಾತಿನ ನಡುವೆ ಹೇಳಿ ಮುಂದೆ ಹೋಗಿದ್ದೀರಿ: ಊರ ಹೊರಗಿನ ಹಳೇ ಕಣ. ಅಮ್ಮಾ, ನಮ್ಮ ಹಿರಿಯರು ಕಣ ಮಾಡಿದ ಜಾಗ ನೋಡಿ. ಮನೆಗಳಿಂದ ದೂರ, ಹೊಟ್ಟು ಯಾರ ಅಡುಗೆ ಮನೆಗೂ ಹಾರಬಾರದೆಂದು. ಮರಗಳಿಂದ ದೂರ, ಗಾಳಿಗೆ ಅಡ್ಡ ಬರಬಾರದೆಂದು. ದಿಬ್ಬದ ಮೇಲೆ, ಗಾಳಿ ಮೊದಲು ಅಲ್ಲಿಗೇ ಬರಲೆಂದು. ನೂರಾರು ವರ್ಷ ಗಾಳಿ ನೋಡಿದವರು ಆರಿಸಿಕೊಟ್ಟ ಜಾಗ ಅದು. ರೆಕ್ಕೆಯ ತುದಿಯವರೆಗೆ ಅರವತ್ತಡಿ ಎತ್ತರದ ಯಂತ್ರಕ್ಕೆ ಬೇಲಿಯಿಂದ ಅರವತ್ತಾರಡಿ ಬಿಡಲು ಅಲ್ಲಿ ಸ್ಥಳವೂ ಸಿಗಬಹುದು. ನೀವು ಮೆಚ್ಚಿದ ಆ ಪರದೇಶದ ನಿಯಮದಲ್ಲಿ ನಾವು ತರಬೇಕಾದದ್ದು ಈ ದೂರವನ್ನು ಮತ್ತು ಸದ್ದಿನ ಮಿತಿಯನ್ನು. ಎತ್ತರದ ಕತ್ತರಿ ಅಲ್ಲೇ ಇರಲಿ.

ಉಳಿದದ್ದು ವೈರಿನ ಖರ್ಚು. ಹುಡುಗನ ದೂರು ನ್ಯಾಯವಾದದ್ದು. ಕಂಬ ಊರಾಚೆ ಹೋದರೆ ಅದರ ಲಾಭ ಬೀದಿಗೆಲ್ಲ. ನಿಮ್ಮ ಮಾತಿಗೆ ಪಂಚಾಯಿತಿಯಲ್ಲಿ ಬೆಲೆ ಇದೆ, ಅರ್ಧ ಸದಸ್ಯರು ನಿಮ್ಮ ಶಿಷ್ಯರೇ ಎಂದು ಪತ್ರದ ಮೂರನೇ ಪುಟದಲ್ಲಿ ನೀವೇ ಬರೆದಿದ್ದೀರಿ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಎರಡು ವಿಷಯ ಕೇಳಿ: ಕಣದಿಂದ ಮನೆಯವರೆಗೆ ರಸ್ತೆ ಬದಿಯಲ್ಲಿ ಕೇಬಲ್ ಹೂಳಲು ಅನುಮತಿ, ಅರ್ಜಿ ಫಾರಮ್ಮಿನಲ್ಲಿ ಗಾಳಿಯಂತ್ರಕ್ಕೊಂದು ಸಾಲು. ಅಷ್ಟರೊಳಗೆ ಹುಡುಗ ಕಣದಲ್ಲಿ ಉದ್ದನೆಯ ಗಳು ನೆಟ್ಟು, ಅದರ ತುದಿಗೆ ಗಾಳಿಯ ವೇಗ ಅಳೆಯುವ ಮೀಟರ್ ಕಟ್ಟಿ, ಒಂದು ವರ್ಷ ಬರೆದಿಡಲಿ. ನೋಟ್‌ಬುಕ್ಕು ನೀವೇ ಕೊಡಿಸಿ, ವಾರಕ್ಕೊಮ್ಮೆ ತಿದ್ದಿ. ಆಷಾಢದ ಪುಟಗಳನ್ನು ನನಗೂ ಕಳಿಸಿಕೊಡಿ.