ಡಾಕ್ಟರನ್ನು ಕೇಳಿ: ನಮ್ಮ ಕಡೆ ಹಾರ್ಟ್ ಅಟ್ಯಾಕ್ ಜಾಸ್ತಿಯಾಗಿದೆಯೇ?

ಪ್ರಶ್ನೆ: ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ, ವಯಸ್ಸು 43. 2025ರಲ್ಲಿ ಪಕ್ಕದ ಹಾಸನದಲ್ಲಿ ಹೃದಯಾಘಾತದಿಂದ ಸಾಲುಸಾಲು ಸಾವು ಎಂಬ ಸುದ್ದಿ ಬಂದಾಗಿನಿಂದ ಎದೆ ಚುರ್ ಅಂದರೂ ಭಯ. ನಿಜಕ್ಕೂ ಹೃದಯಾಘಾತ ಹೆಚ್ಚಿದೆಯೇ? ಕೋವಿಡ್ ಲಸಿಕೆಯಿಂದ ಅಂತಾರಲ್ಲ?

ಉತ್ತರ: ಒಂದು ವಾರ ಆವಕ ಜಾಸ್ತಿ ಬಂತೆಂದು ಈ ವರ್ಷ ಫಸಲೇ ಜಾಸ್ತಿ ಎಂದು ನೀವು ಬರೆಯುತ್ತೀರಾ? ಹಳೇ ಪುಸ್ತಕ ತೆಗೆದು ನೋಡುತ್ತೀರಿ. ಹಾಸನದಲ್ಲೂ ತಜ್ಞರು 24 ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿದರು. ಹೃದಯಕ್ಕೆ ಸಂಬಂಧಿಸಿದ್ದು 20. ರಸ್ತೆ ಅಪಘಾತದ ಸಾವೂ ಆ ಪಟ್ಟಿಗೆ ಸೇರಿಕೊಂಡಿತ್ತು! ಜಯದೇವ ಸಂಸ್ಥೆಯ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿಗೆ ಲಸಿಕೆಯ ನಂಟೂ ಕಾಣಲಿಲ್ಲ.

ನಮ್ಮ ಸಾವಿನ ಪುಸ್ತಕವೇ ಅರೆಬರೆ. ರಾತ್ರಿ ಮಲಗಿದವರು ಬೆಳಿಗ್ಗೆ ಏಳದಿದ್ದರೆ ಊರಿನವರೇ 'ಹಾರ್ಟ್ ಅಟ್ಯಾಕ್' ಎಂದು ತೀರ್ಮಾನಿಸಿಬಿಡುತ್ತಾರೆ. 2020ರಲ್ಲಿ ದೇಶದಲ್ಲಿ ನೋಂದಾಯಿತ ಸಾವುಗಳ ಪೈಕಿ ವೈದ್ಯರು ಕಾರಣ ಬರೆದುಕೊಟ್ಟಿದ್ದು ಶೇ. 22.5ಕ್ಕೆ ಮಾತ್ರ.

ಹಾಗಂತ ನಿರಾಳವಾಗಬೇಡಿ. ಒಟ್ಟು ಸಾವುಗಳಲ್ಲಿ ಹೃದಯ, ರಕ್ತನಾಳದ ಕಾಯಿಲೆಗಳ ಪಾಲು 1990ರಲ್ಲಿ ಸುಮಾರು ಶೇ. 15 ಇದ್ದದ್ದು 2016ಕ್ಕೆ ಶೇ. 28 ಆಯಿತು. ಸೋಂಕಿನ ಸಾವು ಇಳಿದು ಆಯುಷ್ಯ ಏರಿದ್ದೂ ಇದಕ್ಕೊಂದು ಕಾರಣ. ಆದರೆ ನಮ್ಮವರಿಗೆ ಹೃದಯದ ಕಾಯಿಲೆ ಪಾಶ್ಚಾತ್ಯರಿಗಿಂತ ಹತ್ತು ವರ್ಷ ಮೊದಲೇ ಬರುತ್ತದೆ ಎಂಬುದು ನನಗೆ ಹೆಚ್ಚು ಚಿಂತೆಯ ಮಾತು.

ಕಾಯಿಲೆ ಹೆಚ್ಚುವುದು ಬೇರೆ, ಅದರಿಂದ ಸಾಯುವುದು ಬೇರೆ. ಗುಬ್ಬಿ ಕಡೆಯ ರೈತರೊಬ್ಬರಿಗೆ ಬೆಳಗಿನ ಜಾವ ಎದೆ ಹಿಡಿದುಕೊಂಡಿತು. 'ಗ್ಯಾಸ್' ಎಂದು ಸೋಡಾ ಕುಡಿದರು, ಓಮ ಅಗಿದರು, ಹಾಲು ಕರೆದು ಡೇರಿಗೂ ಹಾಕಿ ಹತ್ತು ಗಂಟೆಗೆ ನನ್ನ ಮುಂದೆ ಕೂತರು. ಬೆವರಿಗೆ ಬನಿಯನ್ ಮೈಗಂಟಿತ್ತು. ಬದುಕಿದರು, ಆದರೆ ಆ ಐದಾರು ಗಂಟೆಯಲ್ಲಿ ಸತ್ತ ಹೃದಯದ ಸ್ನಾಯು ವಾಪಸ್ ಬರಲಿಲ್ಲ. ಈಗ ಡಾ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಪುಕ್ಕಟೆ ಕೊಡುತ್ತಾರೆ. ಎದೆನೋವಿನ ಜೊತೆ ಬೆವರು, ಎಡಗೈ ಸೆಳೆತ ಇದ್ದರೆ 108ಕ್ಕೆ ಫೋನ್ ಮಾಡಿ. ಸ್ವತಃ ಬೈಕ್ ಓಡಿಸಿಕೊಂಡು ಹೋಗಬೇಡಿ.

ನೀವು ಸದ್ಯ ಬಿಪಿ, ಶುಗರ್, ಕೊಲೆಸ್ಟ್ರಾಲ್ ನೋಡಿಸಿ. ಸುಮ್ಮನೆ ಕೂತಾಗ ತೆಗೆದ ಇಸಿಜಿ ಸರಿಯಿದೆ ಎಂದ ಮಾತ್ರಕ್ಕೆ ರಕ್ತನಾಳ ಚೊಕ್ಕಟವಾಗಿದೆ ಎಂದಲ್ಲ. ಅಂದಹಾಗೆ, ಇಷ್ಟುದ್ದ ಪತ್ರದಲ್ಲಿ ಬೀಡಿ, ಸಿಗರೇಟಿನ ಸುದ್ದಿಯೇ ಇಲ್ಲ. ಸೇದುತ್ತೀರೋ ಇಲ್ಲವೋ, ಅದನ್ನೂ ಬರೆಯಿರಿ.