ಪ್ರತಿಕ್ರಿಯೆ: ಆರ್ಮಿ ತಂಡದ 2024ರ ಲೆಕ್ಕ ತಾಳೆಯಾಗದಿರುವುದು

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಆರ್ಮಿ ತಂಡದ 2024ರ ಗೆಲುವು–ಸೋಲುಗಳ ನಿಮ್ಮ ಪಟ್ಟಿ ಬೇರೆಡೆಯ ಅಂಕಿಗಳಿಗೆ ಏಕೆ ಹೊಂದುತ್ತಿಲ್ಲ ಎಂದು ಕೇಳಿದ್ದಿರಿ. ನೇವಿ (ನೌಕಾ ಅಕಾಡೆಮಿಯ ತಂಡ) ವಿರುದ್ಧದ ಸೋಲನ್ನೂ ಕಾನ್ಫರೆನ್ಸ್ (ತಮ್ಮೊಳಗೆ ಆಡುವ ಕಾಲೇಜು ತಂಡಗಳ ಕೂಟ) ಲೆಕ್ಕಕ್ಕೆ ಸೇರಿಸಿರುವುದರಿಂದಲೇ ನಿಮ್ಮ ಪಟ್ಟಿಯಲ್ಲಿ 8–0 (ಎಂಟು ಗೆಲುವು, ಸೋಲಿಲ್ಲ) ಬದಲು 8–1 ಬರುತ್ತಿದೆ. ವೆಸ್ಟ್ ಪಾಯಿಂಟ್ ಮಿಲಿಟರಿ ಅಕಾಡೆಮಿಯ ತಂಡವಾದ ಆರ್ಮಿ 2024ರಲ್ಲಿ ಅಮೆರಿಕನ್ ಅಥ್ಲೆಟಿಕ್ ಕಾನ್ಫರೆನ್ಸ್ ಸೇರಿದಾಗ ನೇವಿ ಅದಾಗಲೇ ಅಲ್ಲಿತ್ತು. ಆದರೂ ಚಾಂಪಿಯನ್‌ಷಿಪ್ ಮುಗಿದ ಬಳಿಕ ಡಿಸೆಂಬರ್‌ನಲ್ಲಿ ಈ ಎರಡು ತಂಡಗಳು ಆಡುವ ಸಾಂಪ್ರದಾಯಿಕ ಪಂದ್ಯವನ್ನು ಕಾನ್ಫರೆನ್ಸ್ ಅಂಕಪಟ್ಟಿಯಿಂದ ಹೊರಗಿಡುವ ಏರ್ಪಾಡಿದೆ. ಹೊಸಬರಿಗೆ ಇದು ವಿಚಿತ್ರವೆನಿಸುವುದು ಸಹಜವೇ.

ಮೊದಲು ಕಾನ್ಫರೆನ್ಸ್ ಲೆಕ್ಕಕ್ಕೆ ಬಾರದ ಲೇಹೈ, ಏರ್ ಫೋರ್ಸ್, ನೋಟರ್ ಡೇಮ್ ಮತ್ತು ನೇವಿ ಪಂದ್ಯಗಳನ್ನು ಬೇರೊಂದು ಕಾಲಂಗೆ ಸರಿಸಿ. ಇವುಗಳಲ್ಲಿ ಮೊದಲೆರಡು ಗೆಲುವು. ನೋಟರ್ ಡೇಮ್ ಎದುರು 14–49, ನೇವಿ ಎದುರು 13–31ರ ಸೋಲು. ಅನಂತರ ಡಿಸೆಂಬರ್ 6ರಂದು ಟುಲೇನ್ ತಂಡವನ್ನು 35–14ರಿಂದ ಮಣಿಸಿದ ಚಾಂಪಿಯನ್‌ಷಿಪ್ ಪಂದ್ಯವನ್ನು ಕಾನ್ಫರೆನ್ಸ್‌ನ ಆ ಎಂಟು ಗೆಲುವುಗಳೊಂದಿಗೆ ಬೆರೆಸದೆ ಪ್ರತ್ಯೇಕವಾಗಿ ಬರೆಯಿರಿ. ಕೊನೆಯಲ್ಲಿ ಡಿಸೆಂಬರ್ 28ರ ಇಂಡಿಪೆಂಡೆನ್ಸ್ ಬೌಲ್ (ಋತುವಿನ ಕೊನೆಗೆ ಆಡುವ ವಿಶೇಷ ಪಂದ್ಯ) ಸೇರಿಸಿ. ಅಲ್ಲಿ ಲೂಯಿಸಿಯಾನಾ ಟೆಕ್ ವಿರುದ್ಧ 27–6ರ ಗೆಲುವು. ಆಗ ಒಟ್ಟು 12–2 ಆಗುತ್ತದೆ. ಆರ್ಮಿ ಒಂದೇ ಋತುವಿನಲ್ಲಿ ಹನ್ನೆರಡು ಪಂದ್ಯ ಗೆದ್ದದ್ದು ಅದೇ ಮೊದಲು.

ನಿಮಗೆ ಮತ್ತೊಂದೆಡೆ ಕಂಡ 11–1 ಎಂಬುದು ಬಹುಶಃ ಡಿಸೆಂಬರ್ 6 ಮತ್ತು 14ರ ನಡುವೆ, ಅಂದರೆ ನೇವಿ ಪಂದ್ಯಕ್ಕೆ ಮುಂಚೆ, ಬರೆದ ವರದಿಯ ಅಂಕಿ. ಆ ಪುಟವನ್ನು ನಾನು ನೋಡಿಲ್ಲವಾದ್ದರಿಂದ ಅದರ ದಿನಾಂಕವನ್ನು ನೀವೇ ಪರಿಶೀಲಿಸಿಕೊಳ್ಳಿ. ಡ್ರಾ ಎಂಬ ಕಾಲಂ ಅನ್ನು ತೆಗೆದುಹಾಕಬಹುದು, ಏಕೆಂದರೆ 1996ರಿಂದ ಅಲ್ಲಿನ ಕಾಲೇಜು ಫುಟ್‌ಬಾಲ್‌ನಲ್ಲಿ ಸಮಬಲದ ಪಂದ್ಯಗಳು ಓವರ್‌ಟೈಮ್‌ನಲ್ಲೇ ತೀರ್ಮಾನವಾಗುತ್ತವೆ.