ಮತ್ತೆ ಮೊದಲಿನಿಂದ ಚುಚ್ಚಿಸಬೇಕಾ?

ದಾವಣಗೆರೆಯಿಂದ ಅಮೆರಿಕದ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ಗೆ ಬಂದು ಮೂರು ವಾರ ಆಯಿತು ಅಂದಿರಿ. ಮಗಳು 2015ರ ಜನವರಿಯವಳು, ಮಗನಿಗೆ ಈಗಷ್ಟೇ ಐದು ತುಂಬಿದೆ. ತಾಯಿ ಕಾರ್ಡಿನಲ್ಲಿ ಐದು ವರ್ಷದ ಬೂಸ್ಟರ್ ಒಂದು ಬಿಟ್ಟು ಅವನ ಎಲ್ಲ ಕಾಲಮ್ಮೂ ತುಂಬಿದೆ. ಆದರೂ ಶಾಲೆಯವರು ‘ಇನ್‌ಕಂಪ್ಲೀಟ್’ ಅಂದರು, ನಮ್ಮ ಲಸಿಕೆ ಇಲ್ಲಿ ಲೆಕ್ಕಕ್ಕೇ ಇಲ್ವಾ, ಮತ್ತೆ ಮೊದಲಿನಿಂದ ಚುಚ್ಚಿಸಬೇಕಾ ಅಂತ ಕೇಳಿದ್ದೀರಿ.

ಮೊದಲಿನಿಂದ ಬೇಡ. ಸರಿಯಾಗಿ ಬಿದ್ದ ಡೋಸ್ ಯಾವ ದೇಶದಲ್ಲಿ ಬಿದ್ದರೂ ಲೆಕ್ಕಕ್ಕೆ ಬರುತ್ತದೆ. ಆದರೆ ಕೆಲವು ಹೊಸದಾಗಿ ಬೇಕಾಗುತ್ತವೆ. ಯಾಕೆ ಅಂತ ಗೊತ್ತಾದರೆ ಅರ್ಧ ಸಿಟ್ಟು ಇಳಿಯುತ್ತದೆ. ನನಗೆ ಇಳಿಯೋಕೆ ಒಂದು ವರ್ಷ ಹಿಡಿಯಿತು, ಅದು ಬೇರೆ ಮಾತು.

ಮೊದಲು ನಮ್ಮನೆ ಕಥೆ. ನಾವು ಬಂದದ್ದು 2016ರಲ್ಲಿ. ಮಗ ಹುಟ್ಟಿದ್ದು 2010ರ ಸೆಪ್ಟೆಂಬರ್‌ನಲ್ಲಿ. ಊರಿನ ಡಾಕ್ಟರು ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಒಂದೇ ಲಸಿಕೆ) ಹಾಕಿ ಪುಸ್ತಕದಲ್ಲಿ 06/12/2011 ಅಂತ ಬರೆದಿದ್ದರು. ನಮಗೆ ಅದು ಡಿಸೆಂಬರ್ ಆರು. ಇಲ್ಲಿನ ಕ್ಲಿನಿಕ್ಕಿನಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದ ಹುಡುಗಿಗೆ ಜೂನ್ ಹನ್ನೆರಡು. ಜೂನ್ ಅಂದರೆ ಮಗುವಿಗೆ ಒಂದು ವರ್ಷ ತುಂಬಿಲ್ಲ, ಆ ಡೋಸ್ ರದ್ದು. ನಾನು ಬಂದು ಹದಿನೈದು ದಿನ ಆಗಿತ್ತು, ಎದುರು ಮಾತಾಡುವ ಧೈರ್ಯ ಇರಲಿಲ್ಲ. ಅವನಿಗೆ ಇನ್ನೊಂದು ಸೂಜಿ ಬಿತ್ತು. ಎರಡು ತಿಂಗಳ ಮೇಲೆ ಇನ್ನೊಂದು ಪುಟ ನೋಡುವಾಗ 18/04/2012 ಕಂಡು ಅವಳೇ ಕೇಳಿದಳು, ಹದಿನೆಂಟನೇ ತಿಂಗಳು ಯಾವುದು ಅಂತ. ಡೋಸ್ ಒಂದು ಜಾಸ್ತಿ ಆದರೆ ಅಪಾಯವೇನೂ ಇಲ್ಲ. ಆದರೆ ಅಳುವ ಮಗುವನ್ನು ಹಿಡಿದುಕೊಂಡದ್ದು ಸುಮ್ನೆ ಆಯಿತಲ್ಲ!

ಹಾಗಾಗಿ ಇವತ್ತೇ ಒಂದು ಹಾಳೆ ತಗೊಳ್ಳಿ. ಇಬ್ಬರದ್ದೂ ಲಸಿಕೆಯ ಹೆಸರು, ದಿನಾಂಕ ಬರೆಯಿರಿ. ತಿಂಗಳನ್ನು ಅಂಕಿಯಲ್ಲಲ್ಲ, ಹೆಸರಿನಲ್ಲಿ. ಕನ್ನಡದಲ್ಲಿ ಇರುವುದನ್ನು ಇಂಗ್ಲಿಷಿಗೆ ಇಳಿಸಿ. ಮೂಲ ಕಾರ್ಡ್ ಜೊತೆಗೇ ಇಟ್ಟುಕೊಂಡು ಮಕ್ಕಳ ಡಾಕ್ಟರ ಹತ್ತಿರ ಹೋಗಿ. ಅವರು ರಾಜ್ಯದ ದಾಖಲೆಗೆ ಏರಿಸಿದ ಮೇಲೆ ಶಾಲೆಗೆ ಆ ಪ್ರಿಂಟ್ ಕೊಟ್ಟರೆ ಸಾಕು.

ಈಗ ಜಗಳದ ವಿಷಯ, ದಡಾರ. ನಮ್ಮಲ್ಲಿ ಮೊದಲ ಡೋಸ್ ಒಂಬತ್ತು ತಿಂಗಳಿಗೆ. ಇಲ್ಲಿ ಒಂದು ವರ್ಷ ತುಂಬಿದ ಮೇಲೆ ಹಾಕಿದ್ದು ಮಾತ್ರ ಲೆಕ್ಕ. ನಮ್ಮವರು ತಪ್ಪು ಮಾಡಿದರು ಅಂತಲ್ಲ. ತಾಯಿಯಿಂದ ಬಂದ ರಕ್ಷಣೆ ಆ ವಯಸ್ಸಿಗೆ ಮಗುವಿನ ಮೈಯಲ್ಲಿ ಸ್ವಲ್ಪ ಉಳಿದಿರಬಹುದು, ಅದು ಲಸಿಕೆಯ ಕೆಲಸಕ್ಕೆ ಅಡ್ಡ ಬರುತ್ತದೆ. ಕಾದರೆ ಲಸಿಕೆ ಚೆನ್ನಾಗಿ ಹಿಡಿಯುತ್ತದೆ. ಆದರೆ ದಡಾರ ಓಡಾಡುವ ಊರಲ್ಲಿ ಕಾಯುತ್ತಾ ಕೂತರೆ ಅಷ್ಟರೊಳಗೆ ಕೂಸಿಗೇ ಬಂದುಬಿಡಬಹುದು. ಅದಕ್ಕೇ ನಮ್ಮಲ್ಲಿ ಬೇಗ ಹಾಕಿ, ಒಂದೂವರೆ ವರ್ಷದ ಹೊತ್ತಿಗೆ ಇನ್ನೊಂದು ಹಾಕುತ್ತಾರೆ. ಇಲ್ಲಿನವರೂ ಆರು ತಿಂಗಳ ಕೂಸನ್ನು ಇಂಡಿಯಾಕ್ಕೆ ಕರೆದುಕೊಂಡು ಹೋಗುವುದಾದರೆ ಬೇಗನೇ ಒಂದು ಎಂಎಂಆರ್ ಹಾಕಿ ಕಳಿಸುತ್ತಾರೆ. ಆಮೇಲೆ ಅದನ್ನೂ ಲೆಕ್ಕಕ್ಕೆ ಹಿಡಿಯುವುದಿಲ್ಲ!

ಇನ್ನೊಂದು ತೊಡಕಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವುದು ಎಂಆರ್, ಅಂದರೆ ದಡಾರ ಮತ್ತು ರುಬೆಲ್ಲಾ. ಮಂಗನಬಾವು ಅದರಲ್ಲಿ ಇಲ್ಲ. ಇಲ್ಲಿ ಅದೂ ಬೇಕು. ನಿಮ್ಮ ಮಗಳಿಗೆ 2017ರ ಫೆಬ್ರವರಿ ಅಭಿಯಾನದಲ್ಲಿ ಹಾಕಿಸಿದ ಚೀಟಿ ಇದೆ ಅಂದಿರಲ್ಲ. ದೇಶದ ಆ ಅಭಿಯಾನ ಶುರುವಾಗಿದ್ದೇ ನಮ್ಮ ಬೆಂಗಳೂರಿನಿಂದ, ಒಂಬತ್ತು ತಿಂಗಳಿಂದ ಹದಿನೈದು ವರ್ಷದವರೆಗಿನ ಎಲ್ಲರಿಗೂ. ಚೀಟಿ ತೋರಿಸಿ. ಆಗ ಅವಳಿಗೆ ಎರಡು ವರ್ಷ, ದಡಾರಕ್ಕೂ ರುಬೆಲ್ಲಾಕ್ಕೂ ನಡೆಯುತ್ತದೆ. ಆದರೂ ಮಂಗನಬಾವಿನ ಸಲುವಾಗಿ ಇಬ್ಬರಿಗೂ ಎಂಎಂಆರ್ ಬೀಳುತ್ತದೆ ಅಂತಲೇ ಇಟ್ಟುಕೊಳ್ಳಿ.

ಪೋಲಿಯೋ ಹನಿಯದ್ದು ಬೇರೆ ಲೆಕ್ಕ. ಮೊದಲು ಹನಿಯಲ್ಲಿ ಮೂರೂ ಬಗೆಯ ಪೋಲಿಯೋ ವಿರುದ್ಧ ಮದ್ದು ಇತ್ತು. ಎರಡನೇ ಬಗೆ ಜಗತ್ತಿನಿಂದಲೇ ಹೋಯಿತು ಅಂತ 2016ರ ಏಪ್ರಿಲ್‌ನಲ್ಲಿ ಭಾರತವೂ ಎರಡು ಬಗೆಯ ಹನಿಗೆ ಬದಲಾಯಿತು. ಇಲ್ಲಿ ಮೂರೂ ಬೇಕು. ಹಾಗಾಗಿ 2016ರ ಏಪ್ರಿಲ್ 1ರ ಮೇಲೆ ಹಾಕಿಸಿದ ಹನಿ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಮಗಳು ಕೂಸಾಗಿದ್ದಾಗಿನ ಹನಿ ನಡೆಯುತ್ತದೆ, ಮಗನದು ನಡೆಯುವುದಿಲ್ಲ. ಭಾನುವಾರ ಅಂಗನವಾಡಿಗೆ ಹೋಗಿ ಬೆರಳಿಗೆ ಗುರುತು ಹಾಕಿಸಿಕೊಂಡು ಬಂದ ಪಲ್ಸ್ ಪೋಲಿಯೋ ಇಬ್ಬರದ್ದೂ ಇಲ್ಲ, ಅಭಿಯಾನದ ಹನಿ ಯಾವ ವರ್ಷದ್ದಾದರೂ ಇಲ್ಲಿ ಲೆಕ್ಕಕ್ಕಿಲ್ಲ. ಆ ಭಾನುವಾರಗಳಿಂದಲೇ 2014ರಲ್ಲಿ ನಾವು ಪೋಲಿಯೋ ಮುಕ್ತ ಅನ್ನಿಸಿಕೊಂಡಿದ್ದು, ಇಲ್ಲಿನ ಕಂಪ್ಯೂಟರಿಗೆ ಅದರ ಬೆಲೆ ಸೊನ್ನೆ. ಇದು ನನಗೆ ಇವತ್ತಿಗೂ ಸ್ವಲ್ಪ ಚುಚ್ಚುತ್ತದೆ. ಇರಲಿ, ಮಗನಿಗೆ ಚುಚ್ಚುವ ಪೋಲಿಯೋ ಹಾಕಿಸಿ.

ಸೀತಾಳೆ ಸಿಡುಬಿನ ಲಸಿಕೆ ನಮ್ಮ ಸರ್ಕಾರಿ ಪಟ್ಟಿಯಲ್ಲೇ ಇಲ್ಲ. ಇಲ್ಲಿ ಎರಡು ಡೋಸ್ ಕಡ್ಡಾಯ. ಮಗಳಿಗೆ ‘ಅಮ್ಮ’ ಬಂದು ಹೋಗಿದೆ, ಬೇವಿನ ಸೊಪ್ಪು ಹಾಸಿ ಮಲಗಿಸಿದ್ದೆವು ಅಂದಿರಿ. ಬೇವಿನ ಸೊಪ್ಪಿನ ಸಾಕ್ಷಿ ಇಲ್ಲಿ ನಡೆಯುವುದಿಲ್ಲ. ಡಾಕ್ಟರು ಬರೆದುಕೊಡಬೇಕು. ರಕ್ತ ಪರೀಕ್ಷೆಯಲ್ಲೂ ಗೊತ್ತಾಗುತ್ತದೆ, ಕೇಳಿ ನೋಡಿ.

ಹೆಪಟೈಟಿಸ್ ಬಿ ನಮ್ಮಲ್ಲಿ ಹದಿನಾಲ್ಕನೇ ವಾರಕ್ಕೆ ಮುಗಿಯುತ್ತದೆ. ಇಲ್ಲಿನ ಪಟ್ಟಿಯಲ್ಲಿ ಕೊನೆಯ ಡೋಸ್ 24 ವಾರ ತುಂಬಿದ ಮೇಲೆ ಇರಬೇಕು, ಡಾಕ್ಟರು ಒಂದು ಸೇರಿಸಬಹುದು. ಮಗನ ಐದು ವರ್ಷದ ಬೂಸ್ಟರ್ ಊರಲ್ಲಿದ್ದರೂ ಹಾಕಿಸಬೇಕಿತ್ತು, ಅದರ ಬಗ್ಗೆ ಬೇಜಾರು ಬೇಡ.

ಎಡ ತೋಳಿನ ಬಿಸಿಜಿ (ಟಿಬಿ ಲಸಿಕೆ) ಕಲೆ ನೋಡಿ ಇಲ್ಲಿನ ಚಿಕ್ಕ ವಯಸ್ಸಿನ ನರ್ಸುಗಳು ಇದೇನು ಅಂತ ಕೇಳುತ್ತಾರೆ, ಈ ದೇಶದಲ್ಲಿ ಅದನ್ನು ಎಲ್ಲ ಮಕ್ಕಳಿಗೂ ಹಾಕುವುದಿಲ್ಲ. ಟಿಬಿ ಪರೀಕ್ಷೆ ಬೇಕು ಅಂದರೆ ಚರ್ಮದ್ದು ಬೇಡ, ರಕ್ತದ್ದು ಮಾಡಿ ಅನ್ನಿ. ಬಿಸಿಜಿ ಆದ ಮಕ್ಕಳಿಗೆ ಚರ್ಮದ ಪರೀಕ್ಷೆ ಸುಳ್ಳು ಹೇಳಬಹುದು, ಆಮೇಲೆ ಎಕ್ಸ್‌ರೇ, ಓಡಾಟ. ಆ ರಕ್ತವನ್ನೂ ಎಂಎಂಆರ್ ಹಾಕುವ ದಿನವೇ ಕೊಡಿಸಿ. ತಪ್ಪಿದರೆ ನಾಲ್ಕು ವಾರ ಕಾಯಬೇಕು.

ಎಂಎಂಆರ್ ಮತ್ತು ಸೀತಾಳೆ ಸಿಡುಬಿನದ್ದಕ್ಕೂ ಇದೇ ಮಾತು. ಒಂದೇ ದಿನ ಹಾಕಬಹುದು, ಇಲ್ಲವೇ 28 ದಿನ ಬಿಡಬೇಕು. ಒಂದೇ ದಿನ ನಾಲ್ಕು ಸೂಜಿಯಾ ಅಂತ ಅಜ್ಜಿ ಫೋನಿನಲ್ಲಿ ಗಾಬರಿ ಬೀಳುತ್ತಾರೆ. ಬೀಳಲಿ. ಬೇರೆ ಬೇರೆ ದಿನ ಅಂತ ಎಳೆದರೆ ಶಾಲೆ ಶುರುವಾಗುವುದರೊಳಗೆ ಮುಗಿಯುವುದಿಲ್ಲ. ಈಗ ಬೇಕಾದ್ದೆಲ್ಲ ಬಿದ್ದು, ಮುಂದಿನ ಡೋಸಿಗೆ ಇನ್ನೂ ದಿನ ಬಂದಿಲ್ಲ ಅಂದರೆ ಷರತ್ತಿನ ಮೇಲೆ ಸೇರಿಸಿಕೊಳ್ಳುತ್ತಾರೆ.

ಧರ್ಮ, ನಂಬಿಕೆ ಅಂತ ಬರೆದುಕೊಟ್ಟು ತಪ್ಪಿಸಿಕೊಳ್ಳಬಹುದು ಅಂತ ಯಾರೋ ನಿಮಗೆ ಹೇಳಿದ್ದಾರಲ್ಲ, ಅದು ಹಳೇ ಸುದ್ದಿ. 2014ರ ಡಿಸೆಂಬರ್‌ನಲ್ಲಿ ಡಿಸ್ನಿಲ್ಯಾಂಡಿನಿಂದ ದಡಾರ ಹರಡಿದ ಮೇಲೆ ಕ್ಯಾಲಿಫೋರ್ನಿಯಾ ಕಾನೂನು ಬದಲಿಸಿತು. 2016ರಿಂದ ವೈದ್ಯಕೀಯ ಕಾರಣ ಮಾತ್ರ ನಡೆಯುತ್ತದೆ. ಟೆಕ್ಸಾಸ್‌ನಲ್ಲಿ ಇನ್ನೂ ಬರೆದುಕೊಡಬಹುದು. ಅಲ್ಲಿ 2025ರಲ್ಲಿ 700ಕ್ಕೂ ಹೆಚ್ಚು ಜನಕ್ಕೆ ದಡಾರ ಬಂತು, ಲಸಿಕೆ ಹಾಕಿಸದ ಇಬ್ಬರು ಮಕ್ಕಳು ತೀರಿಕೊಂಡರು.

ಖರ್ಚಿಗೆ ಹೆದರಬೇಡಿ. ಇನ್ಶೂರೆನ್ಸ್ ಪಟ್ಟಿಯಲ್ಲಿರುವ ಡಾಕ್ಟರಾದರೆ ಸಾಮಾನ್ಯವಾಗಿ ಕೈಯಿಂದ ಏನೂ ಹೋಗುವುದಿಲ್ಲ. ಇನ್ಶೂರೆನ್ಸ್ ಇನ್ನೂ ಶುರುವಾಗಿಲ್ಲ ಅಂದರೆ ‘ವ್ಯಾಕ್ಸೀನ್ಸ್ ಫಾರ್ ಚಿಲ್ಡ್ರನ್’ ಅನ್ನುವ ಸರ್ಕಾರಿ ಯೋಜನೆ ಇದೆ, ಇನ್ಶೂರೆನ್ಸ್ ಇಲ್ಲದ ಮಕ್ಕಳಿಗೆ ಲಸಿಕೆ ಬಿಟ್ಟಿ. ಕೌಂಟಿಯ ಆರೋಗ್ಯ ಇಲಾಖೆಗೆ ಫೋನ್ ಮಾಡಿ ಹತ್ತಿರದ ಕ್ಲಿನಿಕ್ ಯಾವುದು ಅಂತ ಕೇಳಿ. ಆಗಸ್ಟ್‌ವರೆಗೆ ಮಾತ್ರ ಕಾಯಬೇಡಿ, ಆಗ ಊರಿಗೆ ಊರೇ ಸಾಲು ನಿಂತಿರುತ್ತದೆ.

ಶುಕ್ರವಾರ ಮಧ್ಯಾಹ್ನದ ಅಪಾಯಿಂಟ್‌ಮೆಂಟ್ ಸಿಕ್ಕರೆ ಬಿಡಬೇಡಿ. ರಾತ್ರಿ ಜ್ವರ ಬಂದರೂ ಮರುದಿನ ರಜೆ. ಅಂಗಡಿಯಲ್ಲಿ ಪ್ಯಾರಾಸಿಟಮಾಲ್ ಅಂದರೆ ಕಣ್ಣು ಕಣ್ಣು ಬಿಡುತ್ತಾರೆ, ಟೈಲೆನಾಲ್ ಅನ್ನಿ. ಎಂಎಂಆರ್ ಜ್ವರ ಮಾತ್ರ ವಾರ, ಹತ್ತು ದಿನ ಬಿಟ್ಟು ಬರುತ್ತದೆ. ಆಗ ಇದೇನು ಹೊಸ ಕಾಯಿಲೆ ಅಂತ ಗಾಬರಿ ಬೀಳಬೇಡಿ, ನಾನು ಬಿದ್ದಿದ್ದೆ.